ಒಬ್ಬ ದಾದಿಯನ್ನು ಸಿದ್ಧಪಡಿಸಲು ತಗಲುವ ವೆಚ್ಚವೆಷ್ಟು?

ಕಳೆದ ಭಾನುವಾರ ಅಪರಾಹ್ನ, ಮುಂಬಯಿಯಲ್ಲಿ ನೆಲಸಿರುವ ನಮ್ಮವರ ಸಂಘವೊಂದರ ಸಭೆಗೆ ಹೋಗಿದ್ದೆನು. ಊರಿನ ತಾಲೂಕು ಕೇಂದ್ರದಲ್ಲಿ ದಾದಿಯರ ತರಬೇತಿ ಶಾಲೆಯೊಂದನ್ನು ಸ್ಥಾಪಿಸಬೇಕೆಂಬ ಠರಾವು ಅಲ್ಲಿ ಮಂಡಿತವಾಯಿತು. ವರ್ಷಕ್ಕೆ 40 ವಿದ್ಯಾರ್ಥಿನಿಯರು, ಮೂರು ವರ್ಷಗಳ ಶಿಕ್ಷಣ, ಕಟ್ಟಡಕ್ಕೆ ರೂ. 2 ಕೋಟಿ. ಅಧ್ಯಕ್ಷರು ಓದಿ ಹೇಳಿದ ಅಂದಾಜುಪತ್ರಿಕೆ ಒಂದೇ ಪುಟದ್ದು. ಅದರಲ್ಲಿ ಕಲ್ಲು, ಸಿಮೆಂಟು, ಕಬ್ಬಿಣ, ಬಾವಿ, ಆವರಣದ ಗೋಡೆ, ದಾನಿಗಳ ಹೆಸರು ಕೆತ್ತಿಸುವ ಅಮೃತಶಿಲೆಯ ಫಲಕ ಎಲ್ಲವೂ ಇದ್ದವು. ಚಪ್ಪಾಳೆ ಬಹಳ ಹೊತ್ತು ನಡೆಯಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬರು, ಫೋರ್ಟಿನ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಸಪ್ಲೈಯರ್ ಆಗಿರುವವರು, ಎದ್ದು ನಿಂತು ತಮ್ಮ ಒಂದು ತಿಂಗಳ ಸಂಬಳವನ್ನು ಪೂರ್ತಿಯಾಗಿ ಕೊಡುವುದಾಗಿ ಘೋಷಿಸಿದರು. ಅವರ ಮಗಳು ಊರಿನಲ್ಲಿ ಪಿ.ಯು.ಸಿ. ಓದುತ್ತಿದ್ದಾಳೆ. ದಾದಿಯಾಗಬೇಕೆಂಬುದು ಅವಳ ಆಸೆಯಂತೆ.

ಕೋಶಾಧಿಕಾರಿಗಳು ಕೂಡಲೇ ರಸೀತಿ ಬರೆದರು. ಸಭೆ ಕಾಫಿಯೊಂದಿಗೆ ಮುಕ್ತಾಯವಾಯಿತು. ಆದರೆ ಆ ಶಾಲೆಯಿಂದ ಹೊರಬರುವ ಒಬ್ಬ ದಾದಿಗೆ ಒಟ್ಟು ಎಷ್ಟು ಹಣ ತಗಲುತ್ತದೆ, ಅದನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆಯನ್ನು ಒಬ್ಬರೂ ಕೇಳಲಿಲ್ಲ. ನಾನೂ ಅಲ್ಲಿ ಕೇಳಲಿಲ್ಲ. ಆ ತಪ್ಪಿಗಾಗಿಯೇ ಇಂದು ಈ ಅಂಕಣವನ್ನು ಬರೆಯುತ್ತಿದ್ದೇನೆ.

ನಾನು ವಿದ್ವಾಂಸನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಈ ನಗರಕ್ಕೆ ಬಂದು, ಕಪ್ಪುಬಸಿ ತೊಳೆಯುವುದರಿಂದ ಆರಂಭಿಸಿ ಗಲ್ಲೆಯ ಮೇಲೆ ಕುಳಿತವನು. ಪತ್ರಿಕೆಯ ಮೇಜು ದೊರೆತದ್ದು ಆಮೇಲೆ. ನನಗೆ ಗೊತ್ತಿರುವ ಅರ್ಥಶಾಸ್ತ್ರವೆಂದರೆ ಒಂದು ಪ್ಲೇಟು ಇಡ್ಲಿಯದು. ಅಕ್ಕಿ, ಉದ್ದು, ತೆಂಗಿನಕಾಯಿ, ಗ್ಯಾಸು ಇವನ್ನು ಕೂಡಿಸಿ ಇಡ್ಲಿಯ ಬೆಲೆ ಕಟ್ಟುವವನು ಹೊಸಬ. ಹಳಬನಾದವನು ಭಟ್ಟರ ಸಂಬಳ, ಜಾಗದ ಬಾಡಿಗೆ, ಲೈಸೆನ್ಸು, ಒಡೆಯುವ ಗ್ಲಾಸು, ಹುಡುಗರ ಎರಡು ಹೊತ್ತಿನ ಊಟ, ಮಧ್ಯಾಹ್ನ ಮೂರು ಗಂಟೆಗೆ ಉಳಿದುಹೋದ ಹಿಟ್ಟು ಎಲ್ಲವನ್ನೂ ಹಿಡಿಯುತ್ತಾನೆ. ಹಿಡಿದು, ಬೇಯಿಸಿದ ಇಡ್ಲಿಯಿಂದಲ್ಲ, ಮಾರಿದ ಇಡ್ಲಿಯಿಂದ ಭಾಗಿಸುತ್ತಾನೆ. ಈ ಭಾಗಾಕಾರವನ್ನು ನಾನು ಪೆಟ್ಟು ತಿಂದು ಕಲಿತೆನು. ನನ್ನ ಎರಡನೆಯ ಹೋಟೆಲಿಗೆ ಕನ್ನಡಿ, ಗ್ರಾನೈಟು, ದೀಪಗಳಿಗಾಗಿ ಇದ್ದಬದ್ದ ಹಣವನ್ನೆಲ್ಲ ಸುರಿದೆನು. ಪ್ರಾರಂಭೋತ್ಸವ ಅದ್ದೂರಿಯಾಗಿ ನಡೆಯಿತು. ತಿಂಗಳು ತಿಂಗಳು ಬರುವ ಸಂಬಳ, ಬಾಡಿಗೆಗಳನ್ನು ಮಾತ್ರ ಸರಿಯಾಗಿ ಎಣಿಸಿರಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಬಾಗಿಲು ಹಾಕಿದೆನು. ಕನ್ನಡಿಗಳನ್ನು ಕೊಳ್ಳುವವರೂ ಇರಲಿಲ್ಲ.

ಆದುದರಿಂದ, ಸಂಘದ ಆ ಒಂದು ಪುಟವನ್ನು ಮನೆಗೆ ತಂದು, ಹೋಟೆಲಿನವನ ಕಣ್ಣಿನಿಂದ ನೋಡಿದೆನು. ಕೆಳಗೆ ಬರುವ ಸಂಬಳ, ಖರ್ಚುಗಳ ಅಂಕೆಗಳು ನಾನು ಊಹಿಸಿ ಹಿಡಿದವು. ಬಲ್ಲವರು ತಿದ್ದಿಕೊಳ್ಳಬಹುದು. ಅಂಕೆ ಬದಲಾದರೂ ಲೆಕ್ಕದ ರೀತಿ ಬದಲಾಗದು.

ಮೊದಲು ಕಟ್ಟಡ. ಅದು ಇಪ್ಪತ್ತು ತಂಡಗಳ ಕಾಲ ಬಾಳುತ್ತದೆಂದು ಇಟ್ಟುಕೊಳ್ಳೋಣ. ತಂಡಕ್ಕೆ 40ರಂತೆ 800 ವಿದ್ಯಾರ್ಥಿನಿಯರು. ರೂ. 2 ಕೋಟಿಯನ್ನು 800ರಿಂದ ಭಾಗಿಸಿದರೆ ತಲೆಗೆ ರೂ. 25,000. (ಬಡ್ಡಿಯನ್ನು ನಾನು ಹಿಡಿದಿಲ್ಲ, ಹಿಡಿದರೆ ಹೆಚ್ಚಾಗುವುದು.) ಸಭೆಯಲ್ಲಿ ನಾವು ಒಂದೂವರೆ ಗಂಟೆ ಚರ್ಚಿಸಿದ್ದು ಈ ಇಪ್ಪತ್ತೈದು ಸಾವಿರವನ್ನು ಮಾತ್ರ.

ಇನ್ನು ಅಧ್ಯಾಪಕರು. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರೆಂಬುದು ಭಾರತೀಯ ನರ್ಸಿಂಗ್ ಪರಿಷತ್ತು ಹಾಕಿಕೊಟ್ಟ ಕಟ್ಟಳೆ. ಮೂರು ವರ್ಷಗಳ ತರಗತಿಗಳಲ್ಲಿ ಒಟ್ಟು 120 ಮಂದಿ. ಅಂದರೆ 12 ಅಧ್ಯಾಪಕರು. ಸರಾಸರಿ ತಿಂಗಳಿಗೆ ರೂ. 35,000 ಎಂದರೂ ವರ್ಷಕ್ಕೆ ರೂ. 50,40,000. ಅದರ ಮೇಲೆ ವಿದ್ಯಾರ್ಥಿನಿಲಯದ ಮೇಲ್ವಿಚಾರಕಿ, ಕಾವಲುಗಾರ, ಗುಮಾಸ್ತ, ಬಸ್ಸು, ಡೀಸೆಲು, ವಿದ್ಯುತ್ತು, ಪ್ರಯೋಗಶಾಲೆಯ ಸಾಮಗ್ರಿ, ಪರೀಕ್ಷೆ, ತಪಾಸಣೆಯ ಶುಲ್ಕಗಳು. ಇವಕ್ಕೆಲ್ಲ ಕೈಹಿಡಿದು ಖರ್ಚು ಮಾಡಿದರೂ ರೂ. 30 ಲಕ್ಷ. ಒಟ್ಟು ವರ್ಷಕ್ಕೆ ರೂ. 80,40,000. ವರ್ಷಕ್ಕೊಮ್ಮೆ 40 ಮಂದಿ ಹೊರಬೀಳುವುದಾದರೆ ತಲೆಗೆ ರೂ. 2,01,000. ಕಟ್ಟಡದ ಎಂಟರಷ್ಟು! "ಮನೆ ಕಟ್ಟಿ ನೋಡು" ಎಂದು ಹಿರಿಯರು ಎಚ್ಚರಿಸಿದ್ದಾರೆ. ಶಾಲೆಯ ವಿಷಯದಲ್ಲಿ ಕಟ್ಟುವುದು ಸುಲಭ, ನಡೆಸಿ ನೋಡಬೇಕು.

ಈ ಎಂಬತ್ತು ಲಕ್ಷವನ್ನು ಯಾರು ಕೊಡುವರು? ದಾನಿಗಳು ಕಟ್ಟಡಕ್ಕೆ ಕೊಡುತ್ತಾರೆ, ಫಲಕದಲ್ಲಿ ಹೆಸರು ಬರುತ್ತದೆ. ಮಾರ್ಚ್ ತಿಂಗಳ ವಿದ್ಯುತ್ ಬಿಲ್ಲಿಗೆ ದಾನ ಕೊಡುವವರನ್ನು ನಾನು ಈವರೆಗೆ ಕಂಡಿಲ್ಲ. ಆದುದರಿಂದ ಅದು ವಿದ್ಯಾರ್ಥಿನಿಯರ ಶುಲ್ಕದಿಂದಲೇ ಬರಬೇಕು. 120 ಮಂದಿಗೆ ಹಂಚಿದರೆ ತಲೆಗೆ ವರ್ಷಕ್ಕೆ ರೂ. 67,000. ಊಟದ ಖರ್ಚು ಬೇರೆ. ಹಾಗೆಂದರೆ, ತಿಂಗಳ ಸಂಬಳವನ್ನು ದಾನವಾಗಿ ಕೊಟ್ಟ ಆ ಸಪ್ಲೈಯರರು, ತಮ್ಮ ಮಗಳನ್ನು ಅದೇ ಶಾಲೆಗೆ ಸೇರಿಸುವಾಗ ಪೂರ್ತಿ ಶುಲ್ಕವನ್ನೂ ತೆರಬೇಕು. ಇದನ್ನು ಆ ಸಭೆಯಲ್ಲಿ ಅವರಿಗೆ ಹೇಳಿದವರಾರು?

ಅದೂ ಸ್ಥಳಗಳೆಲ್ಲ ಭರ್ತಿಯಾದರೆ ಮಾತ್ರ. ಭಟ್ಟರ ಸಂಬಳ ಇನ್ನೂರು ಪ್ಲೇಟು ಹೋದರೂ ಅಷ್ಟೇ, ನೂರೈವತ್ತು ಹೋದರೂ ಅಷ್ಟೇ. 120ರ ಬದಲು 90 ಮಂದಿ ಸೇರಿದರೆ ಖರ್ಚು ಬಹುಮಟ್ಟಿಗೆ ಇಳಿಯುವುದಿಲ್ಲ. ತಲೆಯ ಮೇಲಿನ ಭಾರ ಮಾತ್ರ ರೂ. 89,000ವನ್ನು ದಾಟುತ್ತದೆ. ಆಗ ಆಡಳಿತ ಮಂಡಲಿಯವರು ಎರಡರಲ್ಲೊಂದು ಮಾಡುತ್ತಾರೆ: ಶುಲ್ಕ ಏರಿಸುತ್ತಾರೆ, ಇಲ್ಲವೆ ಅಧ್ಯಾಪಕರನ್ನು ಕಡಿಮೆ ಮಾಡುತ್ತಾರೆ. ಎರಡನೆಯದು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲವಾದುದರಿಂದ ಬಹಳ ಕಡೆ ಅದನ್ನೇ ಮಾಡುತ್ತಾರೆ.

ಈಗ ಮುಖ್ಯವಾದ ಭಾಗಾಕಾರಕ್ಕೆ ಬರೋಣ. ನಮ್ಮ ಠರಾವಿನಲ್ಲಿ ಉದ್ದೇಶವೆಂದು ಬರೆದಿರುವುದೇನು? "ಊರಿನ ರೋಗಿಗಳ ಶುಶ್ರೂಷೆಗಾಗಿ" ಎಂದು. ಸೇರಿದ 40 ಮಂದಿಯಲ್ಲಿ ಕೆಲವರು ಮೊದಲ ವರ್ಷವೇ ಬಿಟ್ಟುಹೋಗುವರು. ಅಂಗರಚನಾಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಓದಲಾರದೆ ಕನ್ನಡ ಶಾಲೆಯಿಂದ ಬಂದ ಜಾಣೆಯರೂ ಸೋಲುತ್ತಾರೆ. ಕೆಲವರಿಗೆ ಮದುವೆಯಾಗುವುದು. ಕೆಲವರು ತೇರ್ಗಡೆಯಾಗಿ ಬೇರೆ ಉದ್ಯೋಗಕ್ಕೆ ಹೋಗುವರು. ಕೊನೆಗೆ 28 ಮಂದಿ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತರೆಂದು ಹಿಡಿಯೋಣ. ಆಗ ಕಟ್ಟಡವೂ ಸೇರಿ ಒಬ್ಬ ದಾದಿಗೆ ತಗಲುವ ವೆಚ್ಚ ರೂ. 2,26,000 ಅಲ್ಲ, ಸುಮಾರು ರೂ. 3,23,000. ಬೇಯಿಸಿದ್ದಕ್ಕೂ ಮಾರಿದ್ದಕ್ಕೂ ಇರುವ ವ್ಯತ್ಯಾಸವೆಂದರೆ ಇದೇ. ಹೀಗೆ ನೋಡಿದಾಗ ಒಂದು ವಿಷಯ ಹೊಳೆಯುತ್ತದೆ: ಬಿಟ್ಟುಹೋಗುವ ಆರು ಮಂದಿಯನ್ನು ಉಳಿಸಿಕೊಳ್ಳಲು ಒಬ್ಬ ಒಳ್ಳೆಯ ಇಂಗ್ಲಿಷ್ ಅಧ್ಯಾಪಕರನ್ನು ಆರು ತಿಂಗಳ ಕಾಲ ನೇಮಿಸಿದರೆ, ಆ ಖರ್ಚು ಹೊಸ ಮಾಳಿಗೆ ಕಟ್ಟುವುದಕ್ಕಿಂತ ಎಷ್ಟೋ ಅಗ್ಗ.

ಕೊಲ್ಲಿ ರಾಷ್ಟ್ರಗಳಿಗೋ ಇಂಗ್ಲೆಂಡಿಗೋ ಹೋಗುವ ದಾದಿಯನ್ನು ಯಾವ ಕಡೆ ಬರೆಯಬೇಕು? ನಾನು ಸ್ವತಃ ಊರು ಬಿಟ್ಟು ಬಂದವನು, ಹೋಗುವವರನ್ನು ನಿಂದಿಸಲಾರೆನು. ಅವಳ ಮನೆಯವರ ಖಾತೆಯಲ್ಲಿ ಅದು ಲಾಭವೇ. ಆದರೆ ಊರಿನ ರೋಗಿಯ ಹೆಸರಿನಲ್ಲಿ ಚಂದಾ ಎತ್ತಿದ ಸಂಘದ ಖಾತೆಯಲ್ಲಿ ಅದನ್ನು ಲಾಭವೆಂದು ಬರೆಯುವುದು ಪ್ರಾಮಾಣಿಕವಲ್ಲ. ಯಾವ ಉದ್ದೇಶಕ್ಕೆಂದು ಮೊದಲು ನಿರ್ಣಯವಾಗಲಿ. ಹೆಣ್ಣುಮಕ್ಕಳ ಉದ್ಯೋಗಕ್ಕಾಗಿ ಎಂದು ಸ್ಪಷ್ಟವಾಗಿ ಹೇಳಿದರೂ ನನಗೆ ಸಂತೋಷವೇ. ಆಗ ಲೆಕ್ಕ ಬೇರೆಯಾಗುವುದು, ಅಷ್ಟೆ.

ಇನ್ನೊಂದು ದೊಡ್ಡ ಬಾಬತ್ತು ಆ ಒಂದು ಪುಟದಲ್ಲಿ ಸುಳಿದೇ ಇಲ್ಲ. ಅದು ಆಸ್ಪತ್ರೆ. ಹೊಸ ಶಾಲೆಯ ಬೆನ್ನಿಗೆ ಕನಿಷ್ಠ 100 ಹಾಸಿಗೆಗಳ ಆಸ್ಪತ್ರೆಯಿರಬೇಕೆಂಬುದು ಪರಿಷತ್ತಿನ ನಿಯಮ. ನಿಯಮವನ್ನು ಬದಿಗಿಟ್ಟರೂ ನ್ಯಾಯವಿದೆ: ದೋಸೆ ಹುಯ್ಯುವುದನ್ನು ಕರಿಹಲಗೆಯ ಮೇಲೆ ಕಲಿತವರುಂಟೇ? ಹೆರಿಗೆ ಮಾಡಿಸುವುದನ್ನು ಹೆರಿಗೆಯ ಕೋಣೆಯಲ್ಲೇ ಕಲಿಯಬೇಕು. ಸುಟ್ಟ ಗಾಯಕ್ಕೆ ಪಟ್ಟಿ ಕಟ್ಟುವುದನ್ನು, ಸಾಯುವವರ ಕೈ ಹಿಡಿಯುವುದನ್ನು ವಾರ್ಡಿನಲ್ಲೇ ಕಲಿಯಬೇಕು. ಒಂದು ತಾಲೂಕು ಆಸ್ಪತ್ರೆಗೆ ಮೂರು ಶಾಲೆಗಳ ಮಕ್ಕಳು ಬಂದು ನಿಂತರೆ ರೋಗಿಗಿಂತ ಕಲಿಯುವವರೇ ಹೆಚ್ಚಾಗುತ್ತಾರೆ. ತಪಾಸಣೆಯ ದಿನ ಮಾತ್ರ ಹಾಸಿಗೆ ಹಾಸಿ, ಊರಿನವರನ್ನು ಕರೆತಂದು ಮಲಗಿಸುವ ಆಸ್ಪತ್ರೆಯೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಲಗಿದವರಿಗೆ ಮಧ್ಯಾಹ್ನದ ಊಟ ನನ್ನ ಪರಿಚಿತರೊಬ್ಬರ ಹೋಟೆಲಿನಿಂದಲೇ ಹೋಗಿತ್ತು. ರೋಗಿಗಳು ಹೋಳಿಗೆಯನ್ನು ಎರಡು ಸಲ ಹಾಕಿಸಿಕೊಂಡರೆಂದು ಅವರು ನಕ್ಕು ಹೇಳಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಅಂತಹ ಶಾಲೆಯಲ್ಲಿ ತರಬೇತಿಗೆ ಖರ್ಚು ಕಡಿಮೆ, ನಿಜ. ಆದರೆ ಅಲ್ಲಿಂದ ಬಂದವಳನ್ನು ಕೆಲಸಕ್ಕೆ ತೆಗೆದುಕೊಂಡ ಆಸ್ಪತ್ರೆ ಅವಳಿಗೆ ಮೊದಲಿನಿಂದ ಕಲಿಸಬೇಕು, ಅಥವಾ ಅವಳ ತಪ್ಪಿನ ಬೆಲೆಯನ್ನು ರೋಗಿ ತೆರಬೇಕು. ವೆಚ್ಚದ ವಿಶ್ಲೇಷಣೆಯೆಂದರೆ ಅಗ್ಗದ್ದನ್ನು ಹುಡುಕುವುದಲ್ಲ. ಎಲ್ಲಿ ಉಳಿಸಿದ ರೂಪಾಯಿ ಯಾರ ಹೆಗಲಿಗೆ ಹೋಗಿ ಬೀಳುತ್ತದೆಂದು ನೋಡುವುದು.

"ಸೇವೆಗೆ ಲೆಕ್ಕವಿಡುವುದೆ?" ಎಂದು ಮೂಗು ಮುರಿಯುವ ಸಜ್ಜನರು ನಮ್ಮಲ್ಲಿದ್ದಾರೆ. ಫ್ಲಾರೆನ್ಸ್ ನೈಟಿಂಗೇಲರ ಚಿತ್ರಪಟವನ್ನು ಅಂದು ವೇದಿಕೆಯ ಮೇಲಿಟ್ಟು ಹಾರ ಹಾಕಿದ್ದರು. ದೀಪ ಹಿಡಿದು ವಾರ್ಡಿನಲ್ಲಿ ನಡೆದ ಆ ಮಹನೀಯಳು ಲಂಡನ್ನಿನ ಸ್ಟಾಟಿಸ್ಟಿಕಲ್ ಸೊಸೈಟಿಯ ಮೊದಲ ಮಹಿಳಾ ಸದಸ್ಯೆಯೂ ಆಗಿದ್ದಳು. ಅಂಕೆಗಳನ್ನು ಅವಳಷ್ಟು ಪ್ರೀತಿಸಿದ ದಾದಿ ಇನ್ನೊಬ್ಬಳಿಲ್ಲ. ನಮಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ. ಕ್ರಿಮಿಯಾ ಯುದ್ಧದ ಬಳಿಕ ಇಂಗ್ಲೆಂಡಿನ ಸಾರ್ವಜನಿಕರು, ಬಡ ಸಿಪಾಯಿಗಳೂ ಸೇರಿದಂತೆ, ಅವಳ ಹೆಸರಿನಲ್ಲಿ ನಿಧಿ ಕೂಡಿಸಿದರು. ಸುಮಾರು 45,000 ಪೌಂಡು. ಆ ಹಣದಲ್ಲಿ ಅವಳು ಭವನ ಕಟ್ಟಿಸಲಿಲ್ಲ. ಹಣವನ್ನು ಬಡ್ಡಿಗಿಟ್ಟು, ಆ ಆದಾಯದಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ, ಆಗಲೇ ಇದ್ದ ವಾರ್ಡುಗಳಲ್ಲಿ, ಶಾಲೆಯನ್ನು ತೆರೆಸಿದಳು. ನಿಧಿಯ ಹಣ ಕಲಿಯುವವರ ಊಟ, ವಸತಿ, ಭತ್ಯೆಗಳಿಗೆ ಹೋಯಿತು. ಚಂದಾ ಹಣದಿಂದ ದಾದಿಯರನ್ನು ಸಿದ್ಧಪಡಿಸಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ನಮ್ಮ ಕರಾವಳಿಯಲ್ಲೂ ಇದನ್ನು ಬಲ್ಲವರಿದ್ದರು. 1925ರಲ್ಲಿ ಉಡುಪಿಯಲ್ಲಿ ಬ್ಯಾಂಕು ಸ್ಥಾಪಿಸಿದವರಲ್ಲೊಬ್ಬರಾಗಿ, 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಉಳಿತಾಯ ಸಂಗ್ರಹಿಸುವ ಪಿಗ್ಮಿ ಯೋಜನೆಯನ್ನು ತಂದ ಡಾಕ್ಟರ್ ಟಿ. ಎಂ. ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. ಆ ಕಾಲೇಜಿನ ವಿದ್ಯಾರ್ಥಿಗಳು ರೋಗಿಗಳ ಬಳಿ ಕಲಿತದ್ದು ಮಂಗಳೂರಿನ ಸರಕಾರಿ ವೆನ್‌ಲಾಕ್ ಮತ್ತು ಲೇಡಿ ಗೋಷನ್ ಆಸ್ಪತ್ರೆಗಳಲ್ಲಿ. ಸರಕಾರಕ್ಕೆ ವೈದ್ಯರ ನೆರವಾಯಿತು, ಕಾಲೇಜಿಗೆ ಆಸ್ಪತ್ರೆ ಕಟ್ಟುವ ಖರ್ಚು ಉಳಿಯಿತು. ಖಾಸಗಿ ಕಾಲೇಜುಗಳ ಶುಲ್ಕದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆಯೇ ಇದೆ, ಅದನ್ನು ಇನ್ನೊಮ್ಮೆ ಬರೆಯುವೆನು. ಆದರೆ ಎರಡಾಣೆಯನ್ನು ಎಣಿಸಬಲ್ಲವರು ಆಸ್ಪತ್ರೆಯ ಹಾಸಿಗೆಯನ್ನೂ ಎಣಿಸಬಲ್ಲರೆಂಬುದನ್ನು ಒಪ್ಪಲೇಬೇಕು. ಮುಂಬಯಿಯ ನಮ್ಮ ರಾತ್ರಿ ಶಾಲೆಗಳೂ ಇದೇ ಉಪಾಯದಿಂದ ನಡೆದವಲ್ಲವೆ? ಹಗಲು ಬೇರೆಯವರ ಶಾಲೆ, ರಾತ್ರಿ ಅದೇ ಬೆಂಚಿನ ಮೇಲೆ ನಮ್ಮ ಹೋಟೆಲ್ ಹುಡುಗರು.

ಕೇಂದ್ರ ಸರಕಾರವೂ 2023ರ ಏಪ್ರಿಲಿನಲ್ಲಿ 157 ನರ್ಸಿಂಗ್ ಕಾಲೇಜುಗಳಿಗೆ ರೂ. 1,570 ಕೋಟಿ ಮಂಜೂರು ಮಾಡುವಾಗ, 2014ರಿಂದೀಚೆಗೆ ಸ್ಥಾಪಿತವಾದ ವೈದ್ಯಕೀಯ ಕಾಲೇಜುಗಳ ಜೊತೆಗೇ ಅವು ಇರಬೇಕೆಂದು ನಿಶ್ಚಯಿಸಿತು. ಆಸ್ಪತ್ರೆ, ಪ್ರಯೋಗಶಾಲೆ, ಅಧ್ಯಾಪಕರು ಎರಡಕ್ಕೂ ಒದಗಲಿ ಎಂಬ ಯೋಚನೆ ಅದರಲ್ಲಿದೆ. ಕಾಲೇಜೊಂದಕ್ಕೆ ರೂ. 10 ಕೋಟಿ, ವರ್ಷಕ್ಕೆ ಒಟ್ಟು ಸುಮಾರು 15,700 ಪದವೀಧರರು. ಅಂದರೆ ಕಾಲೇಜಿಗೆ ನೂರು. ಕಟ್ಟುವ ಲೆಕ್ಕ ಚೆನ್ನಾಗಿದೆ. ಮುಂದಿನ ಇಪ್ಪತ್ತು ವರ್ಷಗಳ ಸಂಬಳದ ಲೆಕ್ಕವನ್ನು ರಾಜ್ಯಗಳು ಇಟ್ಟುಕೊಂಡಿವೆಯೇ ಎಂದು ನಮ್ಮ ಶಾಸಕರು ಕೇಳಬೇಕು. ನಮ್ಮ ಒಂದು ಪುಟದ ಅಂದಾಜುಪತ್ರಿಕೆಯ ರೋಗ ದೊಡ್ಡ ಕಾಗದಗಳಿಗೂ ಅಂಟುವುದುಂಟು.

ದಾದಿಯರ ಅವಶ್ಯಕತೆಯ ವಿಷಯದಲ್ಲಿ ನನಗೆ ಸಂಶಯವಿಲ್ಲ. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ಈ ದೇಶದಲ್ಲಿ 43,000 ಜನರಿಗೆ ಒಬ್ಬ ದಾದಿಯಿದ್ದಳು. ಅಲ್ಲಿಂದ ನಾವು ಬಹುದೂರ ಬಂದಿದ್ದೇವೆ, ಆದರೂ ರಾತ್ರಿ ಪಾಳಿಯಲ್ಲಿ ಒಬ್ಬಳೇ ದಾದಿ ಇಡೀ ವಾರ್ಡನ್ನು ಕಾಯುವುದನ್ನು ಆಸ್ಪತ್ರೆಯಲ್ಲಿ ಮಲಗಿದವರೆಲ್ಲರೂ ಬಲ್ಲರು. ಬೇಕೇ ಬೇಡವೇ ಎಂಬುದಲ್ಲ ಪ್ರಶ್ನೆ, ಹೇಗೆ ಎಂಬುದು.

ಛತ್ತೀಸಗಢದ ಅನುಭವವನ್ನು ಇಲ್ಲಿ ನೆನೆಯಬೇಕು. ಹಳ್ಳಿಗಳಿಗೆ ವೈದ್ಯರು ಹೋಗುವುದಿಲ್ಲವೆಂದು ಆ ರಾಜ್ಯವು 2001ರಲ್ಲಿ ಮೂರು ವರ್ಷಗಳ ವೈದ್ಯ ತರಬೇತಿಯನ್ನು ಆರಂಭಿಸಿತು. ತರಬೇತಿ ಕೆಟ್ಟದಾಗಿರಲಿಲ್ಲ, ತೇರ್ಗಡೆಯಾಗಿ ಗ್ರಾಮೀಣ ವೈದ್ಯ ಸಹಾಯಕರಾದವರು ಸಾಮಾನ್ಯ ಕಾಯಿಲೆಗಳ ಚಿಕಿತ್ಸೆಯಲ್ಲಿ ಪೂರ್ಣ ಪದವಿಯ ವೈದ್ಯರಿಗೆ ಸರಿಸಮಾನರೆಂದು ಆಮೇಲೆ ಪರೀಕ್ಷಿಸಿ ನೋಡಿದವರು ಹೇಳಿದರು. ಆದರೆ ಕಲಿತವರನ್ನು ಏನೆಂದು ಕರೆಯಬೇಕು, ಅವರಿಗೆ ಯಾವ ಹುದ್ದೆ ಎಂಬುದು ಮೊದಲೇ ಇತ್ಯರ್ಥವಾಗಿರಲಿಲ್ಲ. ವಿದ್ಯಾರ್ಥಿಗಳು ಬೀದಿಗಿಳಿದರು. ಕೆಲವೇ ವರ್ಷಗಳಲ್ಲಿ ಪ್ರವೇಶವೇ ನಿಂತುಹೋಯಿತು. ತರಬೇತಿಯ ಕೊನೆಯಲ್ಲಿ ಕಾದಿರುವ ಹುದ್ದೆ ಮತ್ತು ಸಂಬಳಗಳನ್ನೂ ಲೆಕ್ಕದಲ್ಲಿ ಹಿಡಿಯದಿದ್ದರೆ ಒಳ್ಳೆಯ ಯೋಜನೆಯೂ ಹೀಗಾಗುವುದು.

ಅದನ್ನು ನಮ್ಮ ಸಪ್ಲೈಯರರ ಮನೆಯಲ್ಲಿ ನೋಡೋಣ. ಮೂರು ವರ್ಷದ ಶುಲ್ಕ ರೂ. 2,01,000. ಊಟ, ವಸತಿಗೆ ತಿಂಗಳಿಗೆ ರೂ. 4,000 ಎಂದರೆ ರೂ. 1,44,000. ಸಮವಸ್ತ್ರ, ಪುಸ್ತಕ, ಬಸ್ಸು ಬೇರೆ. ರೂ. 3,50,000 ಸಾಲ ಮಾಡಿದರೆಂದು ಇಟ್ಟುಕೊಳ್ಳಿ. ಶೇಕಡಾ 10ರ ಬಡ್ಡಿಯಲ್ಲಿ ಏಳು ವರ್ಷ ತೀರಿಸಬೇಕಾದರೆ ತಿಂಗಳ ಕಂತು ರೂ. 5,800ರಷ್ಟಾಗುತ್ತದೆ. 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನೇಮಕವಾದ ಸಮಿತಿಯು, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯೂ ದಾದಿಗೆ ತಿಂಗಳಿಗೆ ರೂ. 20,000ಕ್ಕೆ ಕಡಿಮೆ ಕೊಡಕೂಡದೆಂದು ಶಿಫಾರಸು ಮಾಡಿತು. ಇನ್ನೂರಕ್ಕಿಂತ ಹೆಚ್ಚು ಹಾಸಿಗೆಯವರು ಸರಕಾರಿ ಸಂಬಳಕ್ಕೆ ಸಮನಾಗಿ ಕೊಡಬೇಕೆಂದಿತು. ಆ ಶಿಫಾರಸು ಕಾಗದದಲ್ಲೇ ಉಳಿದ ಆಸ್ಪತ್ರೆಗಳುಂಟು. ಹನ್ನೆರಡು ಸಾವಿರ ಸಂಬಳದಲ್ಲಿ ಐದು ಸಾವಿರದ ಎಂಟುನೂರು ಕಂತು ಹೋದರೆ ಆ ಹುಡುಗಿ ತಾನೇನು ಉಣ್ಣುವಳು, ಮನೆಗೇನು ಕಳುಹಿಸುವಳು? ಹಿಂದೆ ಆಸ್ಪತ್ರೆಗಳೇ ದಾದಿಯರ ಶಾಲೆ ನಡೆಸುತ್ತಿದ್ದಾಗ ಕಲಿಯುವವಳಿಗೆ ಊಟ, ವಸತಿ, ಅಷ್ಟಿಷ್ಟು ಭತ್ಯೆ ದೊರೆಯುತ್ತಿತ್ತು. ಅವಳ ದುಡಿಮೆಯೇ ಶುಲ್ಕವಾಗಿತ್ತು. ಆ ಪದ್ಧತಿಯಲ್ಲಿ ದಬ್ಬಾಳಿಕೆಯೂ ಇತ್ತು, ಬಲ್ಲೆನು. ಕೆಲಸದ ನೆಪದಲ್ಲಿ ಪಾಠ ತಪ್ಪುತ್ತಿತ್ತು. ಈಗ ಶುಲ್ಕವನ್ನೂ ತೆತ್ತು, ವಾರ್ಡಿನಲ್ಲಿ ಪಾಳಿಯನ್ನೂ ಮಾಡುವವರಿದ್ದಾರೆ. ಆ ದುಡಿಮೆಗೂ ಒಂದು ಬೆಲೆ ಕಟ್ಟಿ, ಅದನ್ನು ಆಸ್ಪತ್ರೆಯ ಲಾಭದ ಕಡೆ ಬರೆಯಿಸಬೇಕಲ್ಲವೇ?

ಹಾಗಾದರೆ ರೂ. 2 ಕೋಟಿಯಲ್ಲಿ ಬೇರೇನು ಮಾಡಬಹುದು? ನೈಟಿಂಗೇಲರ ದಾರಿಯನ್ನು ಹಿಡಿದು ನೋಡೋಣ. ಹಣವನ್ನು ಬ್ಯಾಂಕಿನಲ್ಲಿಟ್ಟು ಶೇಕಡಾ 6.5 ಬಡ್ಡಿ ಬಂದರೆ ವರ್ಷಕ್ಕೆ ರೂ. 13 ಲಕ್ಷ. ಒಳ್ಳೆಯ ಆಸ್ಪತ್ರೆಗಳಿಗೆ ಸೇರಿದ ಶಾಲೆಗಳು ಮಂಗಳೂರು, ಉಡುಪಿಗಳ ಕಡೆ ಈಗಾಗಲೇ ಇವೆ. ಅಲ್ಲಿಯೂ ಶುಲ್ಕ ರೂ. 67,000 ಎಂದೇ ಹಿಡಿದರೆ, ಆ ಬಡ್ಡಿಯಿಂದ ಪ್ರತಿವರ್ಷವೂ 38 ವಿದ್ಯಾರ್ಥಿನಿಯರ ಅರ್ಧ ಶುಲ್ಕವನ್ನು ತೆರಬಹುದು. ಮೂರು ತರಗತಿಗಳಿಗೆ ಹಂಚಿದರೆ ವರ್ಷಕ್ಕೆ ಹನ್ನೆರಡು, ಹದಿಮೂರು ಹೊಸ ಹುಡುಗಿಯರು. ನಲವತ್ತಕ್ಕೆ ಇದು ಕಡಿಮೆ, ಒಪ್ಪಿದೆ. ಆದರೆ ಆ ನಲವತ್ತು ಮಂದಿಗೆ ನಮ್ಮ ಶಾಲೆ ಒಂದು ರೂಪಾಯಿಯನ್ನೂ ಕಡಿಮೆ ಮಾಡುತ್ತಿರಲಿಲ್ಲ. ಈ ಹನ್ನೆರಡು ಮಂದಿಗೆ ಅರ್ಧ ಹೊರೆ ಇಳಿಯುವುದು. ನಮ್ಮ ಅಸಲು ಬ್ಯಾಂಕಿನಲ್ಲಿ ಹಾಗೆಯೇ ಇರುತ್ತದೆ. ಅಲ್ಲಿ ಸ್ಥಳಗಳು ಖಾಲಿ ಬಿದ್ದಿದ್ದರೆ ಚೌಕಾಸಿಗೂ ಅವಕಾಶವಿದೆ: ಮೂವತ್ತು ಮಂದಿಗೆ ಪಾಠ ಹೇಳುತ್ತಿರುವ ಅಧ್ಯಾಪಕರು ಇನ್ನೂ ನಾಲ್ವರು ಕುಳಿತರೆ ಹೆಚ್ಚಿನ ಸಂಬಳ ಕೇಳುವುದಿಲ್ಲ. ಖಾಲಿ ಮೇಜಿಗೆ ಗಿರಾಕಿ ಬಂದರೆ ಬೇಡವೆನ್ನುವ ಹೋಟೆಲಿನವನನ್ನು ನಾನರಿಯೆನು.

ಎಲ್ಲ ಮಕ್ಕಳೂ ದಾದಿಯರೇ ಆಗಬೇಕೆಂದಿಲ್ಲ. 2016ರಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ನಡೆಯುತ್ತಿದೆ, ಯಂತ್ರ ನಡೆಸುವವರು ಬೇಕು. ರಕ್ತಪರೀಕ್ಷೆ, ಎಕ್ಸ್‌ರೇ, ಶಸ್ತ್ರಕ್ರಿಯಾ ಕೊಠಡಿಗಳಿಗೆ ತಂತ್ರಜ್ಞರು ಬೇಕು. ಇಂತಹವರ ಶಿಕ್ಷಣಕ್ಕೆ ಒಂದು ಕ್ರಮ ಬರಲೆಂದು 2021ರಲ್ಲಿ ಪ್ರತ್ಯೇಕ ಕಾಯ್ದೆಯೂ ಆಯಿತು. ಇಲ್ಲಿ ವೆಚ್ಚದ ಜಾಡು ಬೇರೆ: ಅಧ್ಯಾಪಕರಿಗಿಂತ ಯಂತ್ರವೇ ದುಬಾರಿ. ಆದುದರಿಂದ ಯಂತ್ರವಿದ್ದಲ್ಲಿಗೆ ಹುಡುಗರನ್ನು ಕಳುಹಿಸಬೇಕೇ ವಿನಾ ಹುಡುಗರಿದ್ದಲ್ಲಿಗೆ ಯಂತ್ರವನ್ನು ತರಿಸುವುದು ಮೂರ್ಖತನ. ಗಂಡುಮಕ್ಕಳಿಗೂ ಈ ಉದ್ಯೋಗಗಳು ತೆರೆದಿವೆ, ಶುಶ್ರೂಷೆಯೂ ಅಷ್ಟೇ.

ಸಂಘದ ಅಧ್ಯಕ್ಷರು ನನ್ನ ಸ್ನೇಹಿತರು. ಈ ಬರಹದಿಂದ ಅವರಿಗೆ ಬೇಸರವಾಗಬಹುದು. ನನ್ನ ಲೆಕ್ಕವೇ ತಪ್ಪೆಂದು ಅವರು ತೋರಿಸಿಕೊಟ್ಟರೆ ಅದನ್ನು ಇದೇ ಪುಟದಲ್ಲಿ ಸಂತೋಷದಿಂದ ಅಚ್ಚು ಮಾಡಿಸುವೆನು. ಮುಂದಿನ ಸಭೆ ಬರುವ ತಿಂಗಳ ಮೊದಲ ಭಾನುವಾರವೆಂದು ಗೊತ್ತಾಗಿದೆ. ಅಷ್ಟರೊಳಗೆ ಕಾರ್ಯಕಾರೀ ಮಂಡಲಿಯವರು ಎರಡನೆಯ ಪುಟವೊಂದನ್ನು ಬರೆದು ಸದಸ್ಯರಿಗೆಲ್ಲ ಹಂಚಲಿ. ಯಾವ ಆಸ್ಪತ್ರೆ, ಎಷ್ಟು ಹಾಸಿಗೆ, ಅಧ್ಯಾಪಕರ ಸಂಬಳ ಎಲ್ಲಿಂದ, ಎಷ್ಟು ಮಂದಿ ಉಳಿದು ಕೆಲಸಕ್ಕೆ ನಿಲ್ಲುವರೆಂದು ನಂಬಿಕೆ, ಹುಡುಗಿಯೊಬ್ಬಳು ತೆರಬೇಕಾದ ಹಣವೆಷ್ಟು, ಅವಳಿಗೆ ಬರುವ ಮೊದಲ ಸಂಬಳವೆಷ್ಟು ಎಂದು ಅದರಲ್ಲಿರಲಿ. ಬರೆಯಲು ಗುಮಾಸ್ತರು ಬೇಕಾದರೆ ನಮ್ಮ ಕಚೇರಿಯವರನ್ನು ಕಳುಹಿಸುವೆನು. ಹೋಟೆಲಿನಲ್ಲಿ ದುಡಿಯುವವರಿಗೂ ಬರಲು ಅನುಕೂಲವಾಗುವಂತೆ ಸಭೆಯನ್ನು ಅಪರಾಹ್ನದ ಬದಲು ರಾತ್ರಿ ಹತ್ತೂವರೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಅಲ್ಲಿಯವರೆಗೆ ಫೋರ್ಟಿನ ಆ ಸಪ್ಲೈಯರರ ಒಂದು ತಿಂಗಳ ಸಂಬಳವನ್ನು ವಸೂಲು ಮಾಡಬಾರದೆಂದು ಕೋಶಾಧಿಕಾರಿಗಳಲ್ಲಿ ವಿನಂತಿಸಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ. ರಸೀತಿ ಪುಸ್ತಕದಲ್ಲಿ ಆ ಹಾಳೆಗೆ ಗುರುತಿಗಾಗಿ ಒಂದು ಗುಂಡುಸೂಜಿ ಚುಚ್ಚಿಟ್ಟಿದ್ದಾರಂತೆ.